ರಿಪೇರಿ ಮುಗಿದ ಮೇಲೆ ಕಾರಿನಲ್ಲಿ ಹೊಸ ಸದ್ದು: ಪತ್ತೆ ಹಚ್ಚುವುದು ಹೇಗೆ?

ಗ್ಯಾರೇಜಿನಿಂದ ಕಾರು ಬಿಡಿಸಿಕೊಂಡು ಬಂದ ದಿನವೋ ಮಾರನೆಯ ದಿನವೋ, ಮೊದಲು ಇಲ್ಲದ ಸದ್ದೊಂದು ಶುರುವಾಗುತ್ತದೆ. ಹಂಪ್ ಹತ್ತಿ ಇಳಿದಾಗ ‘ಕಟ್’, ತಿರುವಿನಲ್ಲಿ ‘ಟಕ್ ಟಕ್’, ಅರವತ್ತು ದಾಟಿದರೆ ‘ಗುಂಯ್’. ದುಡ್ಡು ಕೊಟ್ಟು ಸರಿ ಮಾಡಿಸಿದ ಮೇಲೂ ಹೀಗಾದರೆ ಬೇಸರ, ಅನುಮಾನ ಎರಡೂ ಸಹಜ. ಕೆಲವರು ‘ಓಡಿಸ್ತಾ ಓಡಿಸ್ತಾ ಸರಿ ಹೋಗುತ್ತೆ’ ಎಂದು ಬಿಟ್ಟುಬಿಡುತ್ತಾರೆ. ಕೆಲವರು ನೇರವಾಗಿ ಗ್ಯಾರೇಜಿಗೆ ಹೋಗಿ ಜಗಳಕ್ಕೆ ನಿಲ್ಲುತ್ತಾರೆ. ಇನ್ನು ಕೆಲವರು ಬೇರೊಂದು ಗ್ಯಾರೇಜಿಗೆ ಒಯ್ದು, ಅಲ್ಲಿ ಹೇಳಿದ ಮತ್ತೊಂದು ಬಿಡಿಭಾಗಕ್ಕೆ ಹಣ ಸುರಿಯುತ್ತಾರೆ. ಮೂರರಲ್ಲೂ ನಷ್ಟ ಮಾಲೀಕರಿಗೇ.

ನಿಜ ಹೇಳಬೇಕೆಂದರೆ, ರಿಪೇರಿಯ ಬೆನ್ನಿಗೇ ಬಂದ ಸದ್ದನ್ನು ಹುಡುಕುವುದು ತಾನಾಗಿ ಹುಟ್ಟಿದ ಸದ್ದನ್ನು ಹುಡುಕುವುದಕ್ಕಿಂತ ಸುಲಭ. ಕಾರಿನ ಯಾವ ಭಾಗಕ್ಕೆ ಕೈ ಹಾಕಲಾಗಿತ್ತು ಎಂಬುದು ಗೊತ್ತಿರುತ್ತದೆ. ಯಾವತ್ತಿನಿಂದ ಶುರುವಾಯಿತು ಎಂಬುದೂ ಗೊತ್ತಿರುತ್ತದೆ. ಈ ಎರಡು ಸುಳಿವು ಹಿಡಿದು ಕ್ರಮವಾಗಿ ಹೋದರೆ ಬಹಳಷ್ಟು ಸದ್ದುಗಳ ಮೂಲ ಅರ್ಧ ಗಂಟೆಯಲ್ಲಿ ಸಿಗುತ್ತದೆ.

ಮೈಸೂರಿನ ಹೂಟಗಳ್ಳಿಯವರಿಗೆ ಇದು ದಿನನಿತ್ಯದ ವಿಷಯ. ಒಂದು ಕಡೆ ಕೈಗಾರಿಕಾ ಪ್ರದೇಶ, ಇನ್ನೊಂದು ಕಡೆ ಕೆಎಚ್‌ಬಿ ಕಾಲೊನಿ, ಮಗ್ಗುಲಲ್ಲೇ ಹುಣಸೂರು ರಸ್ತೆ. ಪಾಳಿ ಕೆಲಸಕ್ಕೆ ಹೊತ್ತಲ್ಲದ ಹೊತ್ತಿನಲ್ಲಿ ಹೊರಡುವವರಿಗೂ, ವಾರಕ್ಕೊಮ್ಮೆ ಹುಣಸೂರು, ಮಡಿಕೇರಿ ಕಡೆಗೆ ಊರಿಗೆ ಹೋಗುವವರಿಗೂ ಕಾರು ನಡುದಾರಿಯಲ್ಲಿ ಕೈಕೊಟ್ಟರೆ ತೊಂದರೆ ದೊಡ್ಡದು. ಪರೀಕ್ಷೆಗೆ ಬೇಕಾದ ಎಲ್ಲ ಬಗೆಯ ರಸ್ತೆಗಳೂ ಇಲ್ಲಿಯೇ ಇರುವುದು ಒಂದು ಅನುಕೂಲ.

ಮೊದಲು ಬಿಲ್ಲು ಓದಿ

ಬಾನೆಟ್ ಎತ್ತುವ ಮುನ್ನ ಬಿಲ್ಲನ್ನೂ ಜಾಬ್ ಕಾರ್ಡನ್ನೂ ಕೈಗೆತ್ತಿಕೊಳ್ಳಿ. ಏನೇನು ಬದಲಾಯಿಸಿದರು ಎಂಬುದಷ್ಟೇ ಅಲ್ಲ, ಆ ಕೆಲಸ ಮಾಡಲು ಇನ್ನೇನನ್ನು ಬಿಚ್ಚಿರಬೇಕು ಎಂಬುದನ್ನೂ ಯೋಚಿಸಿ. ಎಂಜಿನ್ ಆಯಿಲ್ ಬದಲಿಸಲು ಹಲವು ಕಾರುಗಳಲ್ಲಿ ಕೆಳಗಿನ ಪ್ಲಾಸ್ಟಿಕ್ ಕವರ್ ತೆಗೆಯಬೇಕು. ಬ್ರೇಕ್ ಪ್ಯಾಡ್ ಹಾಕಲು ಚಕ್ರ ಬಿಚ್ಚಲೇಬೇಕು. ಕ್ಲಚ್ ಪ್ಲೇಟ್ ಬದಲಿಸಬೇಕಾದರೆ ಗೇರ್ ಬಾಕ್ಸ್ ಇಳಿಯಬೇಕು. ಎಂಜಿನ್ ಮುಂದಿನ ಚಕ್ರಗಳನ್ನು ಓಡಿಸುವ ಕಾರುಗಳಲ್ಲಿ ಅದಕ್ಕಾಗಿ ಎರಡೂ ಕಡೆಯ ಡ್ರೈವ್ ಶಾಫ್ಟ್ ಹೊರಬರಬೇಕು, ಎಂಜಿನ್ ಮೌಂಟ್ ಸಡಿಲಿಸಬೇಕು. ಅಂದರೆ ‘ಕ್ಲಚ್’ ಎಂದು ಒಂದೇ ಸಾಲು ಬರೆದಿರುವ ಬಿಲ್ಲಿನ ಹಿಂದೆ ಹತ್ತಾರು ಬೋಲ್ಟುಗಳಿರುತ್ತವೆ. ಸದ್ದು ಹೊಸ ಕ್ಲಚ್ಚಿನದ್ದೇ ಆಗಿರಬೇಕಿಲ್ಲ, ಅದಕ್ಕಾಗಿ ಬಿಚ್ಚಿ ಮತ್ತೆ ಕೂರಿಸಿದ ಯಾವುದಾದರೂ ಒಂದರದ್ದಾಗಿರಬಹುದು.

ಹಾಗೆಂದು ಗ್ಯಾರೇಜಿನ ತಪ್ಪೇ ಎಂದು ಮೊದಲೇ ತೀರ್ಮಾನಿಸಬಾರದು. ಸವೆದ ಶಾಕ್ ಅಬ್ಸಾರ್ಬರ್ ಹೋಗಿ ಹೊಸದು ಬಂದಾಗ, ಅಲ್ಲಿಯವರೆಗೆ ಆ ಗದ್ದಲದಲ್ಲಿ ಮುಚ್ಚಿಹೋಗಿದ್ದ ಲಿಂಕ್ ರಾಡಿನ ಸದ್ದು ಮೊದಲ ಬಾರಿಗೆ ಕೇಳಿಸುವುದುಂಟು. ಟೈರುಗಳನ್ನು ಹಿಂದು ಮುಂದು ಅದಲು ಬದಲು ಮಾಡಿಸಿದಾಗ, ಹಿಂದಿದ್ದ ಏರುಪೇರಾಗಿ ಸವೆದ ಟೈರು ಮುಂದೆ ಬಂದು ಗುಂಯ್‌ಗುಡುವುದೂ ಉಂಟು. ಅಲ್ಲಿ ಯಾವುದೂ ಮುರಿದಿರುವುದಿಲ್ಲ.

ಇನ್ನೊಂದು ಸುಲಭದ ಕೆಲಸ ಡಿಕ್ಕಿ ತೆರೆದು ನೋಡುವುದು. ಜಾಕು, ವೀಲ್ ಸ್ಪ್ಯಾನರ್, ಸ್ಟೆಪ್ನಿಯ ತಿರುಪು ಇವುಗಳನ್ನು ಗ್ಯಾರೇಜಿನಲ್ಲಿ ತೆಗೆದು ಸಡಿಲವಾಗಿ ಇಟ್ಟಿದ್ದರೆ ಹಂಪಿನಲ್ಲಿ ಬರುವ ‘ಲೊಡಲೊಡ’ ಸದ್ದು ಸಸ್ಪೆನ್ಶನ್ನಿನದ್ದೇ ಎನ್ನುವಷ್ಟು ಮೋಸ ಮಾಡುತ್ತದೆ. ಸ್ಟೆಪ್ನಿ ಬಿಗಿ ಮಾಡಿ, ಟೂಲ್ ಕಿಟ್ಟನ್ನು ಬಟ್ಟೆಯಲ್ಲಿ ಸುತ್ತಿಟ್ಟು ಒಂದು ಸುತ್ತು ಹೋಗಿ ಬನ್ನಿ.

ಎಂಥ ಸದ್ದು ಎನ್ನುವುದಕ್ಕಿಂತ ಯಾವಾಗಿನ ಸದ್ದು ಎನ್ನುವುದು ಮುಖ್ಯ

ಒಬ್ಬರಿಗೆ ‘ಕಟಕಟ’ ಎಂದು ಕೇಳಿಸಿದ್ದು ಇನ್ನೊಬ್ಬರಿಗೆ ‘ಟಪಟಪ’. ಸದ್ದಿನ ಬಣ್ಣನೆ ಜನರಿಂದ ಜನರಿಗೆ ಬದಲಾಗುತ್ತದೆ, ಅದು ಬರುವ ಹೊತ್ತು ಬದಲಾಗುವುದಿಲ್ಲ. ಆದ್ದರಿಂದ ಐದು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ.

1. ಕಾರು ನಿಂತಿರುವಾಗ ಎಂಜಿನ್ ಮಾತ್ರ ಓಡುತ್ತಿದ್ದರೂ ಬರುತ್ತದೆಯೇ? ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಒತ್ತಿದರೆ ಸದ್ದೂ ಏರುತ್ತದೆಯೇ? ಹೌದಾದರೆ ಎಂಜಿನ್, ಬೆಲ್ಟು, ಸೈಲೆನ್ಸರ್ ಕಡೆ ನೋಡಬೇಕು.
2. ಕಾರು ಚಲಿಸಿದಾಗ ಮಾತ್ರ ಬಂದು, ವೇಗದ ಜೊತೆ ಏರಿಳಿಯುತ್ತದೆಯೇ? ಆಗ ಚಕ್ರ, ಬೇರಿಂಗ್, ಬ್ರೇಕ್, ಡ್ರೈವ್ ಶಾಫ್ಟ್ ಕಡೆ.
3. ಹಂಪು, ಗುಂಡಿಯಲ್ಲಿ ಮಾತ್ರವೇ? ಆಗ ಸಸ್ಪೆನ್ಶನ್, ಅದರ ಬುಷ್‌ಗಳು, ಸಡಿಲ ಕವರುಗಳು.
4. ಸ್ಟೀರಿಂಗ್ ತಿರುಗಿಸಿದಾಗ ಮಾತ್ರವೇ? ಎಡಕ್ಕೋ ಬಲಕ್ಕೋ? ನಿಂತಲ್ಲೇ ತಿರುಗಿಸಿದರೂ ಬರುತ್ತದೆಯೋ, ಓಡುವಾಗ ಮಾತ್ರವೋ?
5. ಬ್ರೇಕ್ ಒತ್ತಿದಾಗ ಶುರುವಾಗುತ್ತದೆಯೇ, ಅಥವಾ ಒತ್ತಿದ ಕೂಡಲೇ ನಿಲ್ಲುತ್ತದೆಯೇ? ಎರಡನೆಯದ್ದೂ ಅಷ್ಟೇ ಮುಖ್ಯದ ಸುಳಿವು. ಒತ್ತಿದಾಗ ನಿಲ್ಲುವ ಸದ್ದು ಬಹುಪಾಲು ಸಡಿಲವಾಗಿ ಕೂತ ಪ್ಯಾಡಿನದು.

ಮೊದಲ ಎರಡನ್ನು ಬೇರ್ಪಡಿಸಲು ಒಂದು ಸರಳ ಪರೀಕ್ಷೆಯಿದೆ. ಖಾಲಿ, ಸಮತಟ್ಟಾದ ರಸ್ತೆಯಲ್ಲಿ 40 ಕಿ.ಮೀ. ವೇಗಕ್ಕೆ ಬಂದು ಕ್ಲಚ್ ಒತ್ತಿ ಕೆಲವು ಕ್ಷಣ ಹಾಗೇ ಬಿಡಿ. ಎಂಜಿನ್ ವೇಗ ಇಳಿಯುತ್ತದೆ, ಕಾರು ಮಾತ್ರ ಸಾಗುತ್ತಿರುತ್ತದೆ. ಸದ್ದು ಎಂಜಿನ್ ಜೊತೆ ಇಳಿಯಿತೋ, ಚಕ್ರದ ಜೊತೆ ಉಳಿಯಿತೋ ಕೇಳಿ. ಈ ಪರೀಕ್ಷೆಯಲ್ಲಿ ಇಗ್ನಿಶನ್ ಕೀ ಮುಟ್ಟಲೇಬಾರದು. ಎಂಜಿನ್ ನಿಂತರೆ ಬ್ರೇಕ್ ಬೂಸ್ಟರ್ ಮತ್ತು ಪವರ್ ಸ್ಟೀರಿಂಗ್‌ನ ನೆರವು ತಪ್ಪುತ್ತದೆ, ಕೀ ಹೊರಬಂದರೆ ಸ್ಟೀರಿಂಗ್ ಲಾಕ್ ಆಗುತ್ತದೆ.

ಹೂಟಗಳ್ಳಿಯಲ್ಲೇ ಒಂದು ಪರೀಕ್ಷಾ ಸುತ್ತು

ಸದ್ದು ಹುಡುಕಲು ಒಬ್ಬರೇ ಹೋಗಬೇಡಿ. ಓಡಿಸುವವರು ರಸ್ತೆ ನೋಡಲಿ, ಜೊತೆಯವರು ಕಿವಿಗೊಡಲಿ. ಮೊದಲು ಮುಂದಿನ ಸೀಟಿನಲ್ಲಿ, ಆಮೇಲೆ ಹಿಂದಿನ ಸೀಟಿನ ಎರಡೂ ಬದಿಯಲ್ಲಿ ಕೂತು ಕೇಳಿದರೆ ಮೂಲೆ ಗೊತ್ತಾಗುತ್ತದೆ. ಎಸಿ, ಫ್ಯಾನು, ಹಾಡು ಎಲ್ಲ ಬಂದ್.

ಮೊದಲ ಹಂತಕ್ಕೆ ಕೈಗಾರಿಕಾ ಪ್ರದೇಶದ ಒಳರಸ್ತೆಗಳು ಒಳ್ಳೆಯವು. ಭಾನುವಾರ ಬೆಳಿಗ್ಗೆ ಲಾರಿಗಳ ಓಡಾಟ ಕಡಿಮೆ ಇರುವಾಗ ಹೋಗಿ. ಕಾರ್ಖಾನೆಯ ಉದ್ದನೆಯ ಕಾಂಪೌಂಡ್ ಗೋಡೆಯ ಪಕ್ಕದಲ್ಲಿ, ಕಿಟಕಿ ಇಳಿಸಿ, 15-20 ಕಿ.ಮೀ. ವೇಗದಲ್ಲಿ ಸಾಗಿ. ಚಕ್ರದ ಬಳಿಯ ಸದ್ದು ಗೋಡೆಗೆ ಬಡಿದು ನೇರ ಕಿವಿಗೆ ಬರುತ್ತದೆ. ಗೋಡೆ ಎಡಕ್ಕಿರುವಾಗ ಒಮ್ಮೆ, ಅದೇ ರಸ್ತೆಯಲ್ಲಿ ವಾಪಸು ಬರುವಾಗ ಗೋಡೆ ಬಲಕ್ಕಿರುವಾಗ ಒಮ್ಮೆ ಕೇಳಿದರೆ ಸದ್ದು ಯಾವ ಬದಿಯದು ಎಂಬ ಅನುಮಾನ ಬಹುಮಟ್ಟಿಗೆ ತೀರುತ್ತದೆ. ಬೇರೆ ಯಾವ ಸಾಧನವೂ ಬೇಡದ ಪರೀಕ್ಷೆ ಇದು.

ಎರಡನೆಯ ಹಂತಕ್ಕೆ ಬಡಾವಣೆಯ ಹಂಪುಗಳು. ನಿಧಾನವಾಗಿ, ಮೊದಲು ಎರಡೂ ಚಕ್ರ ಒಟ್ಟಿಗೆ ಹತ್ತುವಂತೆ, ಆಮೇಲೆ ಸ್ವಲ್ಪ ಓರೆಯಾಗಿ ಒಂದೊಂದೇ ಚಕ್ರ ಹತ್ತುವಂತೆ ಹೋಗಿ. ಓರೆಯಾಗಿ ಹೋದಾಗ ಮಾತ್ರ ‘ಕಟ್ ಕಟ್’ ಎಂದರೆ ಸ್ಟೆಬಿಲೈಸರ್ ಬಾರಿನ ಲಿಂಕ್ ರಾಡ್ ಅಥವಾ ಅದರ ಬುಷ್ ಮೇಲೆ ಅನುಮಾನ ಪಡಬಹುದು. ಎಡ, ಬಲ ಚಕ್ರಗಳು ಬೇರೆ ಬೇರೆ ಎತ್ತರಕ್ಕೆ ಹೋದಾಗಲೇ ಆ ಬಾರಿಗೆ ಕೆಲಸ ಬೀಳುವುದು.

ಮೂರನೆಯದು, ಒಂದು ಖಾಲಿ ಮೈದಾನದಲ್ಲಿ ಸ್ಟೀರಿಂಗ್ ಪೂರ್ತಿ ಎಡಕ್ಕೆ, ಆಮೇಲೆ ಪೂರ್ತಿ ಬಲಕ್ಕೆ ತಿರುಗಿಸಿ ಮೊದಲ ಗೇರಿನಲ್ಲಿ ನಿಧಾನವಾಗಿ ಸುತ್ತು ಹಾಕುವುದು. ನಾಲ್ಕನೆಯದು ಹುಣಸೂರು ರಸ್ತೆ ಅಥವಾ ರಿಂಗ್ ರೋಡ್. ಬೇರಿಂಗಿನ ಗುಂಯ್‌ಗುಡುವಿಕೆ, ಟೈರಿನ ಅದುರು, ಕೆಳಗಿನ ಕವರ್ ಗಾಳಿಗೆ ಬಡಿಯುವುದು ಇವೆಲ್ಲ 50-60 ಕಿ.ಮೀ. ದಾಟಿದ ಮೇಲೆಯೇ ಚೆನ್ನಾಗಿ ಕೇಳಿಸುತ್ತವೆ. ಚಕ್ರದ ನಟ್ಟುಗಳನ್ನು ನೋಡಿ ಖಾತ್ರಿ ಮಾಡಿಕೊಳ್ಳದೆ ಈ ನಾಲ್ಕನೆಯ ಹಂತಕ್ಕೆ ಹೋಗಬೇಡಿ.

ಎಣಿಸಿ ನೋಡಿ

ಬಿಟ್ಟು ಬಿಟ್ಟು ಬರುವ ಸದ್ದಾದರೆ ಎಣಿಸುವುದೇ ಒಳ್ಳೆಯ ದಾರಿ. ನಮ್ಮ ಸಣ್ಣ ಮತ್ತು ಮಧ್ಯಮ ಕಾರುಗಳ ಟೈರಿನ ಸುತ್ತಳತೆ ಹೆಚ್ಚೂಕಡಿಮೆ 1.8ರಿಂದ 2 ಮೀಟರ್. 20 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು ಐದೂವರೆ ಮೀಟರ್ ಸಾಗುತ್ತದೆ. ಅಂದರೆ ಚಕ್ರ ಸೆಕೆಂಡಿಗೆ ಸುಮಾರು 3 ಸುತ್ತು. ಆ ವೇಗದಲ್ಲಿ ಸೆಕೆಂಡಿಗೆ ಮೂರು ‘ಟಕ್’ ಬಂದು, 40ರಲ್ಲಿ ಆರಾದರೆ, ಚಕ್ರದ ಜೊತೆ ಸುತ್ತುವ ವಸ್ತುವೊಂದು ಪ್ರತಿ ಸುತ್ತಿಗೆ ಒಮ್ಮೆ ಎಲ್ಲಿಗೋ ತಗಲುತ್ತಿದೆ ಎಂದರ್ಥ. ಟೈರಿಗೆ ಚುಚ್ಚಿಕೊಂಡ ಕಲ್ಲು ಅಥವಾ ಮೊಳೆ, ಸಡಿಲವಾದ ವೀಲ್ ಕವರ್, ಬ್ಯಾಲೆನ್ಸಿಂಗ್ ಮಾಡುವಾಗ ರಿಮ್ಮಿನ ಒಳಗೆ ಅಂಟಿಸಿದ ತೂಕ ಕ್ಯಾಲಿಪರಿಗೆ ತಗಲುವುದು, ಸಡಿಲ ವೀಲ್ ನಟ್ಟು ಎಲ್ಲವೂ ಈ ಲೆಕ್ಕಕ್ಕೆ ಬರುತ್ತವೆ.

ಎಂಜಿನ್ನಿಗೂ ಇದೇ ರೀತಿ. ಐಡಲಿನಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗಿದರೆ ಕ್ಯಾಮ್ ಶಾಫ್ಟ್ ಅದರ ಅರ್ಧ, 400 ಸುತ್ತು ತಿರುಗುತ್ತದೆ. ಒಂದು ವಾಲ್ವಿನ ಟ್ಯಾಪೆಟ್ ಸದ್ದು ಸೆಕೆಂಡಿಗೆ ಆರೇಳು ಬಾರಿ ಬಂದರೆ, ಕ್ರ್ಯಾಂಕ್ ಶಾಫ್ಟಿಗೆ ಸಂಬಂಧಿಸಿದ ಬಡಿತ ಅದರ ಎರಡರಷ್ಟು ಬೇಗ ಬರುತ್ತದೆ. ಇಷ್ಟು ಬೇಗದ್ದನ್ನು ಕಿವಿಯಲ್ಲಿ ಎಣಿಸುವುದು ಕಷ್ಟ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ನಿಧಾನ ವೇಗದಲ್ಲಿ ಕೇಳಿದರೆ ಆಗುತ್ತದೆ.

ಯಾವ ಕೆಲಸದ ನಂತರ ಯಾವ ಸದ್ದು

*ಬ್ರೇಕ್ ಕೆಲಸದ ನಂತರ.* ಚಕ್ರ ಬಿಚ್ಚಿದ ಯಾವುದೇ ಕೆಲಸದ ಮಾರನೆಯ ದಿನ ಬರುವ ‘ಸರ್‌ರ್ ಸರ್‌ರ್’ ಎಂಬ ಉಜ್ಜುವ ಸದ್ದಿಗೆ ಬಹಳ ಸಲ ಕಾರಣವಾಗುವುದು ತೀರಾ ಸಣ್ಣ ವಸ್ತು. ಡಿಸ್ಕಿನ ಹಿಂದೆ ತೆಳು ತಗಡಿನ ಕವಚವೊಂದು ಇರುತ್ತದೆ, ಕೆಸರು ನೀರು ಡಿಸ್ಕಿಗೆ ಎರಚದಂತೆ ತಡೆಯಲು. ಡಿಸ್ಕಿಗೂ ಅದಕ್ಕೂ ನಡುವೆ ಕೆಲವೇ ಮಿಲಿಮೀಟರ್ ಜಾಗ. ಬ್ರೇಕ್ ಬಿಚ್ಚುವಾಗಲೋ ಲೋಯರ್ ಆರ್ಮ್ ಎಳೆಯುವಾಗಲೋ ಕೈ, ಸಲಾಕೆ ತಗಲಿದರೆ ಸಾಕು, ತಗಡು ಬಗ್ಗಿ ಡಿಸ್ಕಿಗೆ ಉಜ್ಜತೊಡಗುತ್ತದೆ. ಚಕ್ರ ತೆಗೆದು ಟಾರ್ಚ್ ಬಿಟ್ಟು ನೋಡಿದರೆ ತುಕ್ಕು ಬಣ್ಣದ ತಗಡಿನ ಮೇಲೆ ಒಂದೇ ಕಡೆ ಹೊಳೆಯುವ ಗೆರೆ ಕಾಣುತ್ತದೆ. ಅದೇ ತಗಲುತ್ತಿರುವ ಜಾಗ. ಡಿಸ್ಕ್ ತಣ್ಣಗಾದ ಮೇಲೆ ತಗಡನ್ನು ತುಸು ಹಿಂದಕ್ಕೆ ಬಗ್ಗಿಸಿದರೆ ಸದ್ದು ನಿಲ್ಲುತ್ತದೆ. ಹೊಸ ಪ್ಯಾಡೂ ಬೇಡ, ಹೊಸ ಡಿಸ್ಕೂ ಬೇಡ. ನಡುವೆ ಸಿಕ್ಕಿಕೊಂಡ ಸಣ್ಣ ಕಲ್ಲು ಕೂಡ ಇಂಥದ್ದೇ ಸದ್ದು ಮಾಡುತ್ತದೆ.

ಬ್ರೇಕ್ ಒತ್ತಿದಾಗ ‘ಕೀಂಯ್’ ಎಂದರೆ ಪ್ಯಾಡಿನ ಹಿಂದಿನ ತೆಳು ಶಿಮ್ಮುಗಳನ್ನು ಹಾಕಿದ್ದಾರೆಯೇ, ಜಾರುವ ಪಿನ್ನುಗಳಿಗೆ ಅದಕ್ಕೆಂದೇ ಇರುವ ಗ್ರೀಸ್ ಹಚ್ಚಿದ್ದಾರೆಯೇ ಎಂದು ಕೇಳಿ. ಪ್ಯಾಡನ್ನು ಬಿಗಿ ಹಿಡಿಯುವ ಕ್ಲಿಪ್ಪುಗಳು ಬಿಟ್ಟುಹೋಗಿದ್ದರೆ ಹಂಪಿನಲ್ಲಿ ‘ಟಕಟಕ’ ಬಂದು ಬ್ರೇಕ್ ಮುಟ್ಟಿದ ಕೂಡಲೇ ನಿಲ್ಲುತ್ತದೆ. ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಲು ಇನ್ನೂರು ಮುನ್ನೂರು ಕಿ.ಮೀ. ಬೇಕಾಗಬಹುದು, ಅಲ್ಲಿಯವರೆಗೆ ಸಣ್ಣ ಉಜ್ಜುವಿಕೆ ಸಹಜ. ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿದಂಥ ಗರಗರ ಮಾತ್ರ ಸಹಜವಲ್ಲ.

*ಸಸ್ಪೆನ್ಶನ್ ಕೆಲಸದ ನಂತರ.* ಲೋಯರ್ ಆರ್ಮ್ ಅಥವಾ ಅದರ ಬುಷ್ ಬದಲಿಸಿದ ಮೇಲೆ ಬರುವ ಕಿರುಗುಡುವಿಕೆಯ ಹಿಂದೆ ಹಲವು ಬಾರಿ ಒಂದು ತಪ್ಪು ಕ್ರಮವಿರುತ್ತದೆ. ಬುಷ್ ಎಂದರೆ ಲೋಹದ ಎರಡು ಕೊಳವೆಗಳ ನಡುವೆ ಅಂಟಿಸಿದ ರಬ್ಬರು. ಕಾರನ್ನು ಎತ್ತಿ ಚಕ್ರ ಜೋತುಬಿದ್ದಿರುವಾಗಲೇ ಅದರ ಬೋಲ್ಟನ್ನು ಪೂರ್ತಿ ಬಿಗಿ ಮಾಡಿದರೆ ರಬ್ಬರು ಆ ಜೋತುಬಿದ್ದ ಸ್ಥಿತಿಯಲ್ಲೇ ಕಚ್ಚಿಕೊಳ್ಳುತ್ತದೆ. ಕಾರನ್ನು ಇಳಿಸಿದ ಕೂಡಲೇ ಆರ್ಮ್ ಮೇಲೇರುತ್ತದೆ, ರಬ್ಬರು ತಿರುಚಿಕೊಳ್ಳುತ್ತದೆ, ನಿಂತಲ್ಲೂ ತಿರುಚಿಕೊಂಡೇ ಇರುತ್ತದೆ. ಸದ್ದು ಬರುವುದು ಒಂದು, ಹೊಸ ಬುಷ್ ಬೇಗ ಹರಿಯುವುದು ಇನ್ನೊಂದು. ಸರಿಯಾದ ಕ್ರಮ ಇಷ್ಟೇ: ಬೋಲ್ಟು ಕೈಬಿಗಿ ಮಾಡಿ, ಕಾರಿನ ಭಾರ ಚಕ್ರಗಳ ಮೇಲೆ ಬಿಟ್ಟು, ಆಮೇಲೆ ಪೂರ್ತಿ ಬಿಗಿ ಮಾಡುವುದು. ಸದ್ದು ಇದರಿಂದಲೇ ಎಂದು ಅನಿಸಿದರೆ ಬೋಲ್ಟು ಸಡಿಲಿಸಿ, ಭಾರ ಬಿಟ್ಟು, ಮತ್ತೆ ಬಿಗಿ ಮಾಡಲು ಕೇಳಿ. ಬುಷ್ ಹರಿದಿಲ್ಲದಿದ್ದರೆ ಅಷ್ಟಕ್ಕೇ ನಿಲ್ಲುತ್ತದೆ.

ಮುಂದಿನ ಶಾಕ್ ಅಬ್ಸಾರ್ಬರ್ ಬಿಚ್ಚಿದ ನಂತರ, ನಿಂತಲ್ಲಿ ಸ್ಟೀರಿಂಗ್ ತಿರುಗಿಸುವಾಗ ಸ್ಪ್ರಿಂಗ್ ಮೀಟಿದಂತೆ ‘ಟೊಂಯ್’ ಎಂದರೆ, ಸ್ಪ್ರಿಂಗಿನ ತುದಿ ತನ್ನ ಕಟ್ಟೆಯಲ್ಲಿ ಸರಿಯಾಗಿ ಕೂತಿಲ್ಲ ಅಥವಾ ಮೇಲಿನ ಮೌಂಟ್ ಬೇರಿಂಗ್ ಹಿಡಿದುಕೊಂಡಿದೆ. ಒಬ್ಬರು ಸ್ಟೀರಿಂಗ್ ತಿರುಗಿಸಲಿ, ಇನ್ನೊಬ್ಬರು ಬಾನೆಟ್ ಎತ್ತಿ ಶಾಕ್ ಅಬ್ಸಾರ್ಬರಿನ ಮೇಲಿನ ಟೋಪಿಯ ಮೇಲೆ ಅಂಗೈ ಇಡಲಿ. ಅದುರು ಕೈಗೇ ತಿಳಿಯುತ್ತದೆ.

*ಡ್ರೈವ್ ಶಾಫ್ಟ್, ಬೇರಿಂಗ್ ಕೆಲಸದ ನಂತರ.* ಪೂರ್ತಿ ತಿರುಗಿಸಿ ಮುಂದಕ್ಕೆ ಹೋಗುವಾಗ ‘ಟಕ್ ಟಕ್ ಟಕ್’ ಎಂದರೆ ಹೊರಗಿನ ಜಾಯಿಂಟ್ ಸವೆದಿದೆ. ರಬ್ಬರ್ ಬೂಟು ಹರಿದು ಗ್ರೀಸ್ ಹೊರಚೆಲ್ಲಿ ಮಣ್ಣು ಸೇರಿದರೆ ಹೀಗಾಗುತ್ತದೆ. ಬೂಟಿನ ಮಡಿಕೆಗಳಲ್ಲಿ ಬಿರುಕು, ಚಕ್ರದ ಒಳಬದಿಯಲ್ಲಿ ಕಪ್ಪು ಗ್ರೀಸ್ ಎರಚಿದ ಗುರುತು ಇದೆಯೇ ನೋಡಿ. ಕಾರು ಹೊರಡುವಾಗ ಒಂದೇ ಒಂದು ‘ಟಕ್’, ಮತ್ತೆ ರಿವರ್ಸಿಗೆ ಹಾಕಿದಾಗ ಒಂದು ‘ಟಕ್’ ಎಂದರೆ ಆಕ್ಸಿಲ್ ತುದಿಯ ದೊಡ್ಡ ನಟ್ಟು ಸರಿಯಾಗಿ ಬಿಗಿಯಾಗಿಲ್ಲದಿರಬಹುದು. ಹಲವು ಕಾರುಗಳಲ್ಲಿ ಆ ನಟ್ಟನ್ನು ಒಮ್ಮೆ ಬಿಚ್ಚಿದ ಮೇಲೆ ಹೊಸದನ್ನೇ ಹಾಕಬೇಕು.

ವೀಲ್ ಬೇರಿಂಗಿನ ಸದ್ದು ವೇಗದ ಜೊತೆ ಏರುವ ಗುಂಯ್‌ಗುಡುವಿಕೆ. ಟೈರಿನ ಸದ್ದೂ ಹಾಗೇ ಇರುತ್ತದೆ. ವ್ಯತ್ಯಾಸ ತಿಳಿಯಲು ಎರಡು ದಾರಿ. ಡಾಂಬರಿನಿಂದ ಕಾಂಕ್ರೀಟ್ ರಸ್ತೆಗೆ ಬಂದ ಕೂಡಲೇ ಸ್ವರ ಬದಲಾದರೆ ಟೈರು, ಬದಲಾಗದಿದ್ದರೆ ಬೇರಿಂಗ್. ಉದ್ದನೆಯ ತಿರುವಿನಲ್ಲಿ ಎಡಕ್ಕೆ ಹೊರಳಿದಾಗ ಭಾರ ಬಲಗಡೆಗೆ ಸರಿಯುತ್ತದೆ. ಆಗ ಸದ್ದು ಹೆಚ್ಚಾದರೆ ಬಲಗಡೆಯ ಬೇರಿಂಗ್, ಬಲಕ್ಕೆ ಹೊರಳಿದಾಗ ಹೆಚ್ಚಾದರೆ ಎಡಗಡೆಯದು.

ಎಂಜಿನ್ ಹಿಂದಿನ ಚಕ್ರಗಳನ್ನು ಓಡಿಸುವ ಗಾಡಿಗಳಲ್ಲಿ, ಅಂದರೆ ಬೊಲೆರೊ, ಸುಮೊದಂಥವುಗಳಲ್ಲಿ, ಹಿಂದಿನ ಆಕ್ಸಿಲಿನಿಂದ ಬರುವ ‘ಊಂ’ ಎನ್ನುವ ಕೊರಗು ಬೇರೆಯೇ ಬಗೆಯದು. ಹೂಟಗಳ್ಳಿಯವರಿಗೆ ಆಕ್ಸಿಲ್ ಹೊಸ ಮಾತಲ್ಲ. 1981ರಲ್ಲಿ ಸ್ಥಾಪನೆಯಾದ ಆಟೊಮೋಟಿವ್ ಆಕ್ಸಿಲ್ಸ್ ಇಲ್ಲಿನ ಕೈಗಾರಿಕಾ ಪ್ರದೇಶದಲ್ಲೇ ಇದ್ದು, ಲಾರಿ ಬಸ್ಸುಗಳಿಗೆ ಆಕ್ಸಿಲ್ ತಯಾರಿಸುತ್ತದೆ. ಆಕ್ಸಿಲಿನ ಒಳಗಿರುವ ಕ್ರೌನ್ ಮತ್ತು ಪಿನಿಯನ್ ಹಲ್ಲುಗಳು ಒಂದಕ್ಕೊಂದು ಹೊಂದುವಂತೆ ಜೋಡಿಯಾಗಿ ತಯಾರಾಗುತ್ತವೆ, ಆದ್ದರಿಂದ ಬದಲಿಸುವಾಗಲೂ ಜೋಡಿಯಾಗಿಯೇ ಬದಲಿಸಬೇಕು. ಉಳಿತಾಯಕ್ಕೆಂದು ಪಿನಿಯನ್ ಒಂದನ್ನೇ ಹಾಕಿದರೆ, ಅಥವಾ ಜೋಡಿಸುವಾಗ ಹಲ್ಲುಗಳ ನಡುವಿನ ಸಂದನ್ನು ಶಿಮ್ಮುಗಳಿಂದ ಸರಿಯಾಗಿ ಹೊಂದಿಸದಿದ್ದರೆ, ಕೊರಗು ಖಚಿತ. ಆಕ್ಸಿಲರೇಟರ್ ಒತ್ತಿದಾಗ ಬರುತ್ತದೆಯೋ, ಬಿಟ್ಟಾಗ ಬರುತ್ತದೆಯೋ ಎಂಬುದನ್ನು ಮೆಕ್ಯಾನಿಕ್‌ಗೆ ಹೇಳಿದರೆ ಹಲ್ಲಿನ ಯಾವ ಮುಖ ತಪ್ಪಾಗಿ ಕೂಡುತ್ತಿದೆ ಎಂದು ಅವರು ಊಹಿಸಬಲ್ಲರು.

*ಸರ್ವಿಸ್, ಎಂಜಿನ್ ಕೆಲಸದ ನಂತರ.* ಕೆಳಗಿನ ಕವರಿನ ಒಂದೆರಡು ಕ್ಲಿಪ್ಪು ಕಳೆದುಹೋದರೆ ಅದು ವೇಗದಲ್ಲಿ ಪಟಪಟ ಬಡಿಯುತ್ತದೆ. ಏರ್ ಫಿಲ್ಟರ್ ಪೆಟ್ಟಿಗೆಯ ಕ್ಲಿಪ್ಪು ಅಥವಾ ಗಾಳಿಯ ಹೋಸ್ ಸಡಿಲವಾಗಿದ್ದರೆ ಆಕ್ಸಿಲರೇಟರ್ ಒತ್ತಿದಾಗ ‘ಬುಸ್’ ಎನ್ನುತ್ತದೆ. ಡೀಸೆಲ್ ಟರ್ಬೊ ಕಾರಾದರೆ ಎಳೆತವೂ ಕುಗ್ಗುತ್ತದೆ. ಬೆಳಿಗ್ಗೆ ಮೊದಲ ಸ್ಟಾರ್ಟಿಗೆ ‘ಕೀಂಯ್’ ಎನ್ನುವುದು ಬೆಲ್ಟು: ಬಿಗಿ ಕಡಿಮೆಯಾಗಿರಬಹುದು, ಅಥವಾ ಕೂಲೆಂಟ್, ಆಯಿಲ್ ಅದರ ಮೇಲೆ ಚೆಲ್ಲಿರಬಹುದು. ಒಂದು ನಿಗದಿತ ಆರ್‌ಪಿಎಂಗೆ ಮಾತ್ರ ಬಂದು ಹೋಗುವ ತಗಡಿನ ‘ಝರ್‌ರ್’ ಸೈಲೆನ್ಸರಿನ ಶಾಖತಡೆ ತಗಡಿನದು. ತಣ್ಣಗಿರುವಾಗ ‘ಚಕ್ ಚಕ್’ ಎಂದು ಬಿಸಿಯಾದ ಮೇಲೆ ಕಡಿಮೆಯಾದರೆ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್‌ನಲ್ಲಿ ಹೊಗೆ ಸೋರುತ್ತಿರಬಹುದು. ಲೋಹ ಕಾದು ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ. ಗೇರ್ ಹಾಕಿ ಕ್ಲಚ್ ಬಿಡುವಾಗ ‘ದಡ್’ ಎಂದರೆ ಎಂಜಿನ್ ಮೌಂಟಿನ ಬೋಲ್ಟುಗಳನ್ನು ನೋಡಿ.

ಎಂಜಿನ್ ಸದ್ದಿನ ಜಾಗ ಹುಡುಕಲು ಮೆಕ್ಯಾನಿಕ್‌ಗಳು ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಿಟ್ಟು ತುದಿಯನ್ನು ಎಂಜಿನ್ನಿಗೆ ತಾಗಿಸುವುದನ್ನು ನೋಡಿರುತ್ತೀರಿ. ಒಳ್ಳೆಯ ವಿಧಾನ, ಆದರೆ ಅಭ್ಯಾಸವಿಲ್ಲದವರು ಓಡುವ ಬೆಲ್ಟು, ಫ್ಯಾನಿನ ಹತ್ತಿರ ಇದನ್ನು ಮಾಡಬಾರದು. ಎಂಜಿನ್ ಬಿಸಿಯಿದ್ದರೆ ಕೀ ತೆಗೆದ ಮೇಲೂ ರೇಡಿಯೇಟರ್ ಫ್ಯಾನ್ ತಾನೇ ತಿರುಗುವ ಕಾರುಗಳಿವೆ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾವ ಕಾರಣಕ್ಕೂ ತೂರಬೇಡಿ.

ಇವು ದೋಷವಲ್ಲ

ರಾತ್ರಿ ಮಳೆ ಬಂದ ಮೇಲೆ ಅಥವಾ ಕಾರು ತೊಳೆದ ಮೇಲೆ ಡಿಸ್ಕಿಗೆ ತೆಳುವಾಗಿ ತುಕ್ಕು ಹಿಡಿಯುತ್ತದೆ. ಮೊದಲ ನಾಲ್ಕೈದು ಬ್ರೇಕಿಗೆ ಉಜ್ಜಿ ಹೋಗುತ್ತದೆ. ಸ್ಟಾರ್ಟ್ ಮಾಡಿ ಹೊರಟ ಸ್ವಲ್ಪ ಹೊತ್ತಿಗೆ ‘ಗರ್’ ಎಂದು ಒಮ್ಮೆ ಕೇಳಿಸುವುದು ಹಲವು ಕಾರುಗಳಲ್ಲಿ ಎಬಿಎಸ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಸದ್ದು. ಎಸಿ ಹಾಕಿದಾಗ ಆಗಾಗ ಬರುವ ‘ಟಕ್’ ಕಂಪ್ರೆಸರಿನ ಕ್ಲಚ್ಚಿನದು. ಕಾರು ನಿಲ್ಲಿಸಿದ ಮೇಲೆ ‘ಟಿಣ್ ಟಿಣ್’ ಎನ್ನುವುದು ಸೈಲೆನ್ಸರ್ ತಣ್ಣಗಾಗುವಾಗ. ಇವು ಮೊದಲೂ ಇದ್ದವೇ ಎಂದು ನೆನಪಿಸಿಕೊಳ್ಳಿ. ರಿಪೇರಿಯಾದ ಮೇಲೆ ನಮ್ಮ ಕಿವಿ ಹೆಚ್ಚು ಚುರುಕಾಗಿರುತ್ತದೆ.

ಇವು ಕೇಳಿಸಿದರೆ ಮುಂದೆ ಓಡಿಸಬೇಡಿ

- ಚಕ್ರದ ಕಡೆಯಿಂದ ಲಯಬದ್ಧ ಬಡಿತ, ಜೊತೆಗೆ ಸ್ಟೀರಿಂಗ್ ಅಥವಾ ಸೀಟು ಅದುರುವುದು. ವೀಲ್ ನಟ್ಟು ಸಡಿಲವಾಗಿರಬಹುದು.
- ಬ್ರೇಕ್ ಒತ್ತಿದಾಗ ಕಬ್ಬಿಣ ತಿಕ್ಕುವ ಸದ್ದು, ಪೆಡಲ್ ಕೆಳಗೆ ಇಳಿಯುವುದು, ಕಾರು ಒಂದು ಬದಿಗೆ ಎಳೆಯುವುದು.
- ಎಂಜಿನ್ನಿನ ಆಳದಿಂದ ‘ದಡ್ ದಡ್’ ಬಡಿತ, ಅಥವಾ ಆಯಿಲ್ ದೀಪ ಹೊತ್ತಿಕೊಳ್ಳುವುದು. ಆಯಿಲ್ ಬದಲಿಸಿದ ಮೇಲೆ ಡ್ರೇನ್ ಬೋಲ್ಟ್, ಫಿಲ್ಟರ್ ಸೋರಿದರೆ ಹೀಗಾಗುತ್ತದೆ. ಕೂಡಲೇ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ.
- ಸ್ಟೀರಿಂಗಿನಲ್ಲಿ ಹೊಸದಾಗಿ ಸಡಿಲು ಅಥವಾ ಬಿಗಿತ ಕಂಡು, ಜೊತೆಗೆ ಸದ್ದೂ ಬರುವುದು.

ವೀಲ್ ನಟ್ಟಿನ ವಿಷಯ ಪ್ರತ್ಯೇಕವಾಗಿ ಹೇಳಬೇಕು. ಸಾಮಾನ್ಯ ಕಾರುಗಳಿಗೆ ಬೇಕಾದ ಬಿಗಿ ಸುಮಾರು 85ರಿಂದ 130 ನ್ಯೂಟನ್ ಮೀಟರ್. ನಿಮ್ಮ ಕಾರಿನ ಲೆಕ್ಕ ಮಾಲೀಕರ ಕೈಪಿಡಿಯಲ್ಲಿದೆ. ನಟ್ಟುಗಳನ್ನು ಸಾಲಾಗಿ ಬಿಗಿ ಮಾಡದೆ ಎದುರುಬದುರಾಗಿ ಬಿಗಿ ಮಾಡಬೇಕು. ಚಕ್ರ ಬಿಚ್ಚಿ ಹಾಕಿದ 50-100 ಕಿ.ಮೀ. ನಂತರ ಇನ್ನೊಮ್ಮೆ ನೋಡಬೇಕು. ಗ್ಯಾರೇಜಿನಲ್ಲಿ ಟಾರ್ಕ್ ರೆಂಚ್ ಇದ್ದರೆ ಅದರಲ್ಲೇ ಬಿಗಿ ಮಾಡಲು ಕೇಳಿ.

ಮೆಕ್ಯಾನಿಕ್‌ಗೆ ಹೇಳುವುದು ಹೇಗೆ

‘ನೀವು ಮುಟ್ಟಿದ ಮೇಲೆ ಕೆಟ್ಟೋಯ್ತು’ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ‘ಬೇರಿಂಗ್ ಹೋಗಿದೆ, ಬದಲಾಯಿಸಿ’ ಎಂದರೆ ಅವರು ಬದಲಾಯಿಸಿ ಬಿಲ್ಲು ಕೊಡುತ್ತಾರೆ. ಸದ್ದು ಹೋಗದಿದ್ದರೆ ಹೇಳಿದವರು ನೀವೇ. ಕಂಡದ್ದನ್ನು ಮಾತ್ರ ಹೇಳಿ: ‘ಅಣ್ಣಾ, ಮಂಗಳವಾರ ನಿಮ್ಮಲ್ಲಿ ಎಡಗಡೆ ಲೋಯರ್ ಆರ್ಮ್ ಹಾಕಿಸಿದ್ದೆ. ಬುಧವಾರದಿಂದ ಎಡ ಮುಂಭಾಗದಲ್ಲಿ ಕಿರ್ ಅಂತಿದೆ. ಹಂಪ್ ನಿಧಾನವಾಗಿ ಹತ್ತುವಾಗ ಮಾತ್ರ ಬರುತ್ತೆ, ಜೋರಾಗಿ ಹೋದರೆ ಇಲ್ಲ, ಬ್ರೇಕ್ ಒತ್ತಿದರೂ ಬದಲಾಗಲ್ಲ. ಒಂದು ಸುತ್ತು ಜೊತೆಗೆ ಬರ್ತೀರಾ?’ ಇಷ್ಟು ಕೇಳಿದ ಅನುಭವಿ ಮೆಕ್ಯಾನಿಕ್ ಕಾರಿನ ಕೆಳಗೆ ಹೋಗುವ ಮೊದಲೇ ಎರಡು ಮೂರು ಜಾಗ ಅಂದಾಜು ಮಾಡಿರುತ್ತಾರೆ. ಸದ್ದಿನ ವಿಡಿಯೊ ಮೊಬೈಲಿನಲ್ಲಿರಲಿ. ಗ್ಯಾರೇಜಿಗೆ ಹೋದಾಗ ಸದ್ದು ಬಾರದೆ ಇರುವುದು ಮಾಮೂಲು.

ಮೊದಲು ಕೆಲಸ ಮಾಡಿದ ಗ್ಯಾರೇಜಿಗೇ ಹೋಗಿ. ಏನು ಬಿಚ್ಚಿದ್ದರು ಎಂಬುದು ಅವರಿಗೇ ಗೊತ್ತು, ಸರಿಪಡಿಸುವ ಹೊಣೆಯೂ ಅವರದ್ದೇ. ನಡುವೆ ಬೇರೆಯವರು ಬಿಚ್ಚಿದರೆ ಆ ಹೊಣೆ ಯಾರದೆಂದು ಹೇಳುವುದು ಕಷ್ಟವಾಗುತ್ತದೆ. ಹೊಸ ಭಾಗ ಬದಲಿಸಬೇಕೆಂದರೆ ಹಳೆಯದನ್ನು ತೋರಿಸಿ, ಕೈಗೆ ಕೊಡಿ ಎಂದು ಕೇಳಿ.

ಗ್ಯಾರೇಜಿನವರು ಒಪ್ಪದಿದ್ದರೆ

ಬಹುಪಾಲು ಪ್ರಕರಣಗಳು ಮಾತಿನಲ್ಲೇ ಮುಗಿಯುತ್ತವೆ. ಮುಗಿಯದಿದ್ದರೆ ದೂರನ್ನು ಬರಹದಲ್ಲಿ ಕೊಡಿ, ವಾಟ್ಸ್‌ಆ್ಯಪ್ ಸಂದೇಶವಾದರೂ ಸರಿ, ದಿನಾಂಕ ಉಳಿಯುತ್ತದೆ. ಬಿಲ್ಲು, ಜಾಬ್ ಕಾರ್ಡು, ವಿಡಿಯೊ ಜೋಪಾನ ಮಾಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದುಡ್ಡು ಪಡೆದು ಮಾಡಿದ ರಿಪೇರಿಯೂ ಸೇವೆಯೇ. ಅದರಲ್ಲಿ ಕೊರತೆಯಾದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಒಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಬಿಲ್ಲು ಬೇಡ ಎಂದು ಒಂದಿಷ್ಟು ಉಳಿಸಲು ಹೋದವರಿಗೆ ಈ ದಾರಿಯಲ್ಲಿ ಹೆಜ್ಜೆ ಹೆಜ್ಜೆಗೂ ತೊಡಕು.

ಇನ್ನು ಮುಂದೆ ಕಾರನ್ನು ಗ್ಯಾರೇಜಿಗೆ ಬಿಡುವ ಮುನ್ನ, ಎಸಿ ಮತ್ತು ಹಾಡು ನಿಲ್ಲಿಸಿ, ಹಂಪು, ತಿರುವು, ವೇಗ ಮೂರೂ ಸಿಗುವಂತೆ ಒಂದು ಸುತ್ತು ಓಡಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಬಿಡಿಸಿಕೊಳ್ಳುವ ದಿನ ಹಣ ಕೊಡುವ ಮುನ್ನ ಮೆಕ್ಯಾನಿಕ್ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಸುತ್ತು ಮತ್ತೊಮ್ಮೆ ಹೋಗಿ ಬನ್ನಿ. ಹೊಸ ಸದ್ದಿದ್ದರೆ ಅಲ್ಲೇ ಇಬ್ಬರಿಗೂ ಕೇಳಿಸುತ್ತದೆ, ಅಲ್ಲೇ ಸರಿಯಾಗುತ್ತದೆ.